ಕಿಟಕಿ ಹಾಡಿನ ಕೊನೆಯ ಜವಾಬು

ಜುಲೈ 28, ಸೋಮವಾರ

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ನಾಗಮಣಿ ಟೀಚರಾ? ಗುಂಡ್ಲುಪೇಟೆಯಿಂದ ಮಾತಾಡ್ತಾ ಇವ್ನಿ. ಆಡಿನ ಇಸ್ಯ ಮಾತಾಡ್ಬೇಕಿತ್ತು.”

“ಯಾವ ಆಡು?”

“ನಿಮ್ ಆಡೇ ಕಣಮ್ಮ. ಬಾಳ ಚೆಂದಾಗದೆ ಅಂತ ಕನಕರಾಜು ಮೇಷ್ಟ್ರು ಏಳುದ್ರು. ನನ್ ಆಡೂ ಒಂದ್ ಮಟ್ಟಕ್ಕೆ ಅದೆ. ಎಲ್ಡನ್ನೂ ಜೊತೆ ಮಾಡ್ಬುಟ್ರೆ ಎಂಗೆ?”

ನಾನು ಆಡು ಸಾಕಿಲ್ಲ, ಸಾಕುವ ಯೋಚನೆಯೂ ಇಲ್ಲ, ಅಷ್ಟು ಬೇಕಿದ್ದರೆ ಸಂತೆಮರಹಳ್ಳಿಯ ಸಂತೆಗೆ ಬನ್ನಿ, ನಮ್ಮ ಸ್ಕೂಲಿನ ಎದುರೇ ಕಟ್ಟಿರುತ್ತಾರೆ ಎಂದು ಹೇಳಿ ಫೋನ್ ಇಟ್ಟೆ. ಮುದ್ದೆ ಆರಿಹೋಗಿತ್ತು.

ಸಂಜೆ ಚಾಮರಾಜನಗರಕ್ಕೆ ಬಂದು ಅತ್ತೆಗೆ ಇದನ್ನು ಹೇಳಿದೆ. “ಆಂ?” ಎಂದರು. ಜೋರಾಗಿ ಹೇಳಿದೆ. “ಆಂ?” ಎಂದರು. ಮತ್ತೆ ಕೂಗಿದಾಗ ಪಕ್ಕದ ಮನೆಯವರು ಕಿಟಕಿಯಲ್ಲಿ ಬಗ್ಗಿ “ಆಡು ತಂದ್ರಾ ಟೀಚರ್?” ಎಂದು ಕೇಳಿದರು. ನನ್ನ ಅತ್ತೆ ದೊಡ್ಡಮಲ್ಲಮ್ಮನವರಿಗೆ ಕಿವಿ ದೂರವಾಗಿ ಬಹಳ ಕಾಲವಾಯಿತು. ಕಿವಿಗೆ ಹಾಕುವ ಮೆಷಿನ್ ಇದೆ. ಅದನ್ನು ದೇವರ ಗೂಡಿನಲ್ಲಿಟ್ಟು ದಿನಾ ವಿಭೂತಿ ಹಚ್ಚುತ್ತಾರೆ. ಮಗ ಕೊಡಿಸಿದ್ದು, ಹಾಕಿಕೊಂಡರೆ ಸವೆದುಹೋಗುತ್ತದಂತೆ. ಮಗ ಅಂದರೆ ನನ್ನ ಯಜಮಾನರು, ಶಿವರುದ್ರಸ್ವಾಮಿ. ಅವರು ಹೋಗಿ ಎರಡು ವರ್ಷ ದಾಟಿತು.

ಮನೆಯಲ್ಲಿ ಏನು ಹೇಳಿದರೂ ಬರುವ ಜವಾಬು ‘ಆಂ?’ ಒಂದೇ. ಅದಕ್ಕೇ ಈ ಡೈರಿ ಶುರುಮಾಡಿದ್ದೇನೆ. ಇದಾದರೂ ತಿರುಗಿ ಕೇಳುವುದಿಲ್ಲ.

ಜುಲೈ 29, ಮಂಗಳವಾರ

ಆಡಿನ ಗುಟ್ಟು ತಿಳಿಯಿತು. ಅದು ಆಡಲ್ಲ, ಹಾಡು. ಆ ಮನುಷ್ಯನ ಬಾಯಲ್ಲಿ ‘ಹ’ ಇಲ್ಲ.

ಹೇಳಿದವರು ನಮ್ಮ ಪಿ.ಟಿ. ಮೇಷ್ಟ್ರು ಕನಕರಾಜು. ಹೇಳಿದರು ಎನ್ನುವುದೂ ತಪ್ಪು. ಗಂಟಲಿನ ಆಪರೇಷನ್ ಆಗಿದೆ, ಡಾಕ್ಟರು ಮಾತು ಬೇಡವೆಂದಿದ್ದಾರೆ. ಹಾಗಾಗಿ ಹೌದಿಗೆ ಒಂದು ಸೀಟಿ, ಇಲ್ಲಕ್ಕೆ ಎರಡು, ಉಳಿದದ್ದು ಬೋರ್ಡಿನ ಮೇಲೆ. ಏಳನೆಯ ತರಗತಿಯ ಬೋರ್ಡಿನಲ್ಲಿ ಬರೆದರು: “ಸೆಪ್ಟೆಂಬರ್ 14. ಗುಂಡ್ಲುಪೇಟೆ ಛತ್ರ. ನಮ್ಮ ಹಳೆ ಹಾಡು ಬಳಗದಿಂದ ಹಿಂದಿ ಸವಾಲ್-ಜವಾಬ್ ಹಾಡುಗಳು. ಸವಾಲು ನೀವು. ಜವಾಬು ನಾನಿದ್ದೆ, ಈಗ ನಿಮಗೆ ಫೋನ್ ಮಾಡಿದ ಮಾದೇಶ.” ಆ ದಿನ ಪಿತೃಪಕ್ಷವಲ್ಲವೇ ಎಂದೆ. “ಅದಕ್ಕೇ ಛತ್ರ ಖಾಲಿ” ಎಂದು ಬರೆದರು.

ನನ್ನನ್ನು ಕೇಳದೆ ಹೆಸರು ಕೊಟ್ಟಿದ್ದೇಕೆ ಎಂದರೆ ಒಂದು ಸೀಟಿ. ನಾನು ಬರುವುದಿಲ್ಲ ಎಂದರೆ ಫೌಲ್ ಆದಾಗ ಊದುವ ಉದ್ದನೆಯ ಸೀಟಿ. ಮಕ್ಕಳೆಲ್ಲ ಸಾಲಾಗಿ ನಿಂತುಬಿಟ್ಟರು.

ನಾನೇಕೆ ಹೋಗುವುದಿಲ್ಲ ಎಂಬುದನ್ನು ಬೋರ್ಡಿನಲ್ಲಿ ಬರೆಯಲಾಗುವುದಿಲ್ಲ. ಇಲ್ಲಿ ಬರೆಯುತ್ತೇನೆ. ನಾನು ಅಡುಗೆಮನೆಯಲ್ಲಿ ಹಾಡುವುದು ಸವಾಲು ಮಾತ್ರ. ಹಜಾರದಿಂದ ಜವಾಬು ಇವರದು. (ಹೆಸರಿಲ್ಲದೆ ‘ಇವರು’ ಎಂದು ಬರೆದರೆ ಶಿವರುದ್ರಸ್ವಾಮಿಯವರೇ. ನನ್ನ ಬಾಯಲ್ಲಿ ಆ ಮಾತು ಇನ್ಯಾರಿಗೂ ಇಲ್ಲ.) ನಾವು ‘ಕಿಟಕಿ ಹಾಡು’ ಎಂದು ಕರೆಯುತ್ತಿದ್ದ ಹಾಡೊಂದಿದೆ. ಕಪ್ಪು-ಬಿಳುಪು ಕಾಲದ್ದು. ಮಹಡಿಯ ಕಿಟಕಿಯಲ್ಲಿ ಅವಳು, ಕೆಳಗೆ ಬೀದಿಯಲ್ಲಿ ಚೈನು ಕಳಚಿದ ಸೈಕಲ್ಲಿನೊಂದಿಗೆ ಅವನು. ಅವಳು ಕೇಳುತ್ತ ಹೋಗುತ್ತಾಳೆ, ಅವನು ಗ್ರೀಸು ಮೆತ್ತಿದ ಕೈಯಲ್ಲೇ ಹೇಳುತ್ತ ಹೋಗುತ್ತಾನೆ. ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು, ‘ನಾಳೆಯೂ ಬರುತ್ತೀಯಾ?’ ಎಂಬ ಸವಾಲು. ಅದಕ್ಕೆ ‘ಹಾಂ’ ಎಂಬ ಒಂದೇ ಪದದ ಜವಾಬು. ಇವರು ಮಾತ್ರ ಒಂದು ದಿನವೂ ‘ಹಾಂ’ ಎಂದವರಲ್ಲ. “ನಾಳೆ ಹೇಳ್ತೀನಿ, ಈಗ ಕಾಫಿ ಕೊಡು” ಎನ್ನುವರು, ಅದೂ ರಾಗವಾಗಿ.

ಈಗಲೂ ಸವಾಲು ಹಾಡಿ ಜವಾಬಿನಷ್ಟು ಹೊತ್ತು ಸುಮ್ಮನಿರುತ್ತೇನೆ. ಆ ಖಾಲಿಯಲ್ಲಿ ಇವರ ದನಿ ಕೇಳಿಸುತ್ತದೆ. ಅಲ್ಲಿ ಬೇರೆಯವರು ಹಾಡಿದರೆ ಇದ್ದ ದನಿಯೂ ಅಳಿಸಿಹೋದೀತು ಎಂದು ನನಗೆ ಭಯ. ಅಷ್ಟೇ ವಿಷಯ.

ಆಗಸ್ಟ್ 1, ಶುಕ್ರವಾರ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಫ್ಲೆಕ್ಸ್ ಹಾಕಿದ್ದಾರಂತೆ! ‘ಹಿಂದಿ ಕೋಗಿಲೆ ನಾಗಮಣಿ.’ ಚುನಾವಣೆ ಡ್ಯೂಟಿಯ ಗುರುತಿನ ಚೀಟಿಯ ಫೋಟೋ. ಅದರಲ್ಲಿ ನಾನು ಕೋಗಿಲೆಯನ್ನು ಹಿಡಿದು ತಿಂದವಳ ಹಾಗೆ ಕಾಣುತ್ತೇನೆ. ನಾಳೆ ಹೋಗಿ ಇಳಿಸಿ ಬರುತ್ತೇನೆ.

ಆಗಸ್ಟ್ 2, ಶನಿವಾರ

ಬೆಳಗಿನ ಸ್ಕೂಲು ಮುಗಿಸಿ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಹೋದೆ. ಬಳಗದ ಅಭ್ಯಾಸ ನಡೆಯುವುದು ಈರುಳ್ಳಿ ಮಂಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಕೇರಳಕ್ಕೆ ಹೋಗುವ ಲಾರಿಗಳು, ಮೆಟ್ಟಿಲ ಮೇಲೂ ಮೂಟೆ. ಮೇಲೆ ಹೋಗುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು.

ಫೋನಿನ ಆ ಮನುಷ್ಯನೇ ಮಂಡಿಯ ಯಜಮಾನ. ಐವತ್ತರ ಆಸುಪಾಸು, ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಬೆಳಗ್ಗೆಯೆಲ್ಲ ತರಕಾರಿ ಹರಾಜು ಕೂಗಿ ಬಂದಿದ್ದರು. ನನ್ನ ಕಣ್ಣು ನೋಡಿ ಗಾಬರಿಯಾಗಿ, “ಯಾಕಮ್ಮ ಅಳ್ತಾ ಇದ್ದೀರಿ? ಪ್ಲೆಕ್ಸ್ ಚೆಂದಾಗಿಲ್ವಾ?” ಎಂದರು. ಈರುಳ್ಳಿ ಎಂದೆ. “ಅದು ನಾಸಿಕ್ ಮಾಲು, ವಸಿ ಖಾರ” ಎಂದು ಸಮಾಧಾನ ಹೇಳಿದರು.

ಫ್ಲೆಕ್ಸ್ ಇಳಿಸುವ ಮಾತು ಎತ್ತುವುದರೊಳಗೆ ಕನಕರಾಜು ಸೀಟಿ ಊದಿ ಟ್ರ್ಯಾಕ್ ಹಾಕಿಬಿಟ್ಟರು, ಕಿಟಕಿ ಹಾಡಿನದು. ಸವಾಲು ಬಂದಾಗ ಸುಮ್ಮನೆ ನಿಲ್ಲುವುದು ಹೇಗೆ? ಹಾಡಿದೆ. ಜವಾಬು ಬಂತು. ದನಿ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಹಿಂದಿಯಲ್ಲಿ ಪ್ರತಿ ವಾಕ್ಯವೂ ‘ಹೈ’ ಎಂದು ಮುಗಿಯುತ್ತದೆ, ಆ ಮನುಷ್ಯ ಪ್ರತಿ ವಾಕ್ಯವನ್ನೂ ‘ಐ’ ಎಂದು ಮುಗಿಸಿದರು. ಸಾಲು ಸಾಲಿಗೂ ಯಾರೋ ಕಾಲು ತುಳಿದ ಹಾಗೆ. ಕೊನೆಗೆ ವಾದ್ಯ ನಿಂತು ನಾನು ‘ನಾಳೆಯೂ ಬರುತ್ತೀಯಾ’ ಎಂದು ಕೇಳಿದೆ. ಬಂದ ಜವಾಬು: “ಆಂ?”

ನನ್ನ ಅತ್ತೆ ಗುಂಡ್ಲುಪೇಟೆಗೂ ಬಂದರಲ್ಲ ಎನಿಸಿತು.

“ಅದು ಹಾಂ. ಹೌದು ಅಂತ ಅರ್ಥ. ನೀವು ಹೇಳಿದ್ದು ಆಂ. ಇನ್ನೊಂದು ಸಲ ಹೇಳು ಅಂತ ಅರ್ಥ” ಎಂದೆ.

“ಎಲ್ಡೂ ಒಂದೇ ಅಲ್ವಾ?”

“ಒಂದೇ ಅಲ್ಲ ಸ್ವಾಮಿ. ಒಂದರಲ್ಲಿ ಹಾಡು ಮುಗಿಯುತ್ತದೆ. ಇನ್ನೊಂದರಲ್ಲಿ ಮತ್ತೆ ಮೊದಲಿಂದ ಕೇಳಬೇಕು.”

“ಕೇಳುದ್ರೆ ತೆಪ್ಪೇನು? ಆಡು ವಸಿ ಉದ್ದ ಆಯ್ತದೆ” ಎಂದರು.

ಫ್ಲೆಕ್ಸ್ ಇಳಿಸಲಿಲ್ಲ. ಮುಂದಿನ ಶನಿವಾರ ಇಳಿಸುತ್ತೇನೆ.

ಆಗಸ್ಟ್ 9, ಶನಿವಾರ

ಇವತ್ತು ಹೋದದ್ದು ‘ಹ’ ತಿದ್ದುವುದಕ್ಕೆ ಮಾತ್ರ. ಹಿಂದಿ ಟೀಚರ್ ಆಗಿ ಅಂಥ ‘ಐ’ಗಳನ್ನು ವೇದಿಕೆಗೆ ಹತ್ತಲು ಬಿಡುವುದು ಹೇಗೆ? ಮೇಣದಬತ್ತಿ ಹಚ್ಚಿ ಮೂಗಿನ ಮುಂದೆ ಹಿಡಿದು, ‘ಹ’ ಎಂದರೆ ಜ್ವಾಲೆ ಅಲ್ಲಾಡಬೇಕು ಎಂದೆ. ಮಾದೇಶಪ್ಪನವರು ಎದೆ ತುಂಬ ಉಸಿರೆಳೆದು “ಆ!” ಎಂದರು. ಬತ್ತಿ ಅಲ್ಲಾಡಲಿಲ್ಲ, ಕೆಳಗೆ ಮೂಟೆ ಹೊರುವವರು “ಏನಾಯ್ತಣ್ಣಾ?” ಎಂದು ಓಡಿಬಂದರು.

ನಡುವೆ ಚಹಾ. ಹಾಡಿನ ವಿಚಾರ ಮಾತಾಡಿದೆವು. ಒಳ್ಳೆಯ ಸವಾಲ್-ಜವಾಬ್ ಹಾಡಿನಲ್ಲಿ ಜವಾಬು ಸವಾಲಿನ ಕೊನೆಯ ಪದದಿಂದಲೇ ಶುರುವಾಗುತ್ತದೆ ಎಂದು ನಾನು ಹೇಳಿದೆ. ಅವಳು ‘ಈ ಬೀದಿಯಲ್ಲಿ ನಿಮಗೇನು ಕೆಲಸ’ ಎಂದರೆ ಅವನು ‘ಕೆಲಸ ನನಗಲ್ಲ, ಬೀದಿಗೇ ನನ್ನಲ್ಲಿ’ ಎನ್ನುತ್ತಾನೆ. ಅಂದರೆ ಕೊನೆಯ ಪದದವರೆಗೂ ಕೇಳಿಸಿಕೊಂಡಿದ್ದಾನೆ. ಮಾದೇಶಪ್ಪನವರು, ಹರಾಜಿನಲ್ಲೂ ಹಾಗೇ, ನಾನು ನಿಲ್ಲಿಸಿದ ಮಾತನ್ನು ಹಿಡಿದೇ ಕೊಳ್ಳುವವನು ಮೇಲೇರಬೇಕು ಎಂದರು. ಹೋಲಿಕೆ ನನಗೇನೂ ರುಚಿಸಲಿಲ್ಲ. ಹಾಡಿನಲ್ಲಿ ಕೊನೆಗೆ ಟೊಮೇಟೊ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಹೇಳಿದೆ. ಅವಳು ಮೊದಲ ಚರಣದಲ್ಲಿ ‘ಆಪ್’ ಎನ್ನುತ್ತಾಳೆ, ನೀವು. ಕೊನೆಯ ಚರಣದಲ್ಲಿ ‘ತುಮ್’, ನೀನು. ನಡುವೆ ಎಲ್ಲಿ ಬದಲಾಯಿತೆಂದು ಎಷ್ಟು ಸಲ ಕೇಳಿದರೂ ತಿಳಿಯುವುದಿಲ್ಲ, ಅವಳಿಗೇ ತಿಳಿದಿರಲಾರದು. ಮಾದೇಶಪ್ಪನವರು ಚಹಾದ ಲೋಟ ಕೆಳಗಿಟ್ಟು, “ಕೊಳಲು ನುಡೀತದಲ್ಲ, ಅಲ್ಲಿ ಆಗಿರ್ಬೇಕು ಕಣಮ್ಮ” ಎಂದರು. ಇದು ತಪ್ಪು. ಅಲ್ಲಿ ನುಡಿಯುವುದು ಕೊಳಲಲ್ಲ, ಅಕಾರ್ಡಿಯನ್. ಆದರೂ ಜಾಗ ಅದೇ ಇರಬಹುದು.

ಮದುವೆಯಾಗಿಲ್ಲವಂತೆ. ಕನಕರಾಜು ಮಂಡಿಯ ದರದ ಬೋರ್ಡಿನಲ್ಲಿ ಬರೆದು ಚಾಡಿ ಹೇಳಿದರು. ಮಾದೇಶಪ್ಪನವರು ನಾಚಿಕೊಂಡು ತಾವೇ ವಿವರಿಸಿದರು. “ಎಣ್ ನೋಡಕ್ ಓದಾಗೆಲ್ಲ, ಎಲ್ರೂ ಎಣ್ಣಿಗೆ ಆಡು ಅಂತಾರಲ್ಲ, ನಾನೇ ಒಂದ್ ಸವಾಲ್ ಆಡ್ತಿದ್ದೆ. ಜವಾಬ್ ಕೊಟ್ರೆ ಒಪ್ಕಳನ ಅಂತ. ಎಣ್ಣು ಎದ್ದು ಒಳೀಕೆ ಓಗ್ಬುಡೋದು. ಒಂದ್ ಮನೇಲಿ ಅವರಪ್ಪ ಜವಾಬ್ ಕೊಟ್ರು. ಬಾಳ ಚೆಂದಾಗಿ ಆಡುದ್ರು. ಏನ್ ಮಾಡನ?”

ಬಸ್ಸಿನಲ್ಲಿ ತೆರಕಣಾಂಬಿವರೆಗೂ ಒಬ್ಬಳೇ ನಗುತ್ತಿದ್ದೆ. ಕಂಡಕ್ಟರು ಎರಡು ಸಲ ಟಿಕೆಟ್ ಕೇಳಿದ.

ಆಗಸ್ಟ್ 13, ಬುಧವಾರ

ಈಗ ವಾಟ್ಸಾಪಿನಲ್ಲೇ ಅಭ್ಯಾಸ. ನಾನು ಇಲ್ಲಿಂದ ಒಂದು ಸವಾಲು ಹಾಡಿ ಕಳಿಸುತ್ತೇನೆ, ಅಲ್ಲಿಂದ ಜವಾಬು ಬರುತ್ತದೆ, ಹಿಂದೆ ಲಾರಿ ಹಾರ್ನು, “ಚೇಟ್ಟಾ, ಬೀನ್ಸ್ ನೋಡಿ” ಎಂದು ಕೇರಳದವರನ್ನು ಕರೆಯುವ ಕೂಗು. ಇವತ್ತಿನ ಜವಾಬಿನಲ್ಲಿ ಒಂದು ‘ಹೈ’ ಸರಿಯಾಗಿತ್ತು. ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡೆ. ಟೀಚರ್ ಆದವಳು ಖಚಿತ ಮಾಡಿಕೊಳ್ಳಬೇಕು.

ಮಂಡಿಯಲ್ಲಿ ದಿನವಿಡೀ ‘ಹ, ಹ’ ಎಂದು ಅಭ್ಯಾಸ ಮಾಡುವುದನ್ನು ಕೇಳಿ ಮಲಯಾಳಿ ವ್ಯಾಪಾರಿಯೊಬ್ಬರು ಆಸ್ತಮಾ ಔಷಧಿ ತಂದುಕೊಟ್ಟರಂತೆ.

ಆಗಸ್ಟ್ 20, ಬುಧವಾರ

ಮೆಸೇಜ್ ಇಲ್ಲ. ಮಂಡಿಯಲ್ಲಿ ಕೆಲಸವಿರಬಹುದು. ನನಗೇನು.

ಸಂಜೆ ಬಂತು. ನೆಟ್‌ವರ್ಕ್ ಇರಲಿಲ್ಲವಂತೆ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೇನೆ ಎಂದು ಅತ್ತೆ ಹೇಳಿದರು.

ಆಗಸ್ಟ್ 24, ಭಾನುವಾರ

ಆಗಬಾರದ್ದು ಆಯಿತು.

ಬೆಳಗ್ಗೆ ನೆನೆಸಿದ ಅವರೆಕಾಳು ಹಿಸುಕುತ್ತ ಕಿಟಕಿ ಹಾಡು ಹಾಡಿಕೊಂಡೆ. ಸವಾಲು ಮುಗಿಸಿ ಎಂದಿನಂತೆ ಸುಮ್ಮನಾದೆ. ಆ ಖಾಲಿಯಲ್ಲಿ ಬಂದದ್ದು ಇವರ ದನಿಯಲ್ಲ. ‘ಐ’ ಎಂದು ಮುಗಿಯುವ ದನಿ. ಹಿಂದೆ ಲಾರಿ ಹಾರ್ನು ಸಮೇತ. ಮತ್ತೆ ಹಾಡಿದೆ. ಮತ್ತೆ ಅದೇ. ಕೊನೆಯ ಸವಾಲಿಗೆ ‘ನಾಳೆ ಹೇಳ್ತೀನಿ, ಈಗ ಕಾಫಿ ಕೊಡು’ ಎಂಬುದು ಬರಲಿ ಎಂದು ಕಣ್ಣು ಮುಚ್ಚಿ ಕಾದೆ. ಬಂದದ್ದು “ಆಂ?”

ಕಾಳು ಅಲ್ಲಿಯೇ ಬಿಟ್ಟು ಎದ್ದೆ. ಇಷ್ಟು ದಿನ ಕಾಪಾಡಿಕೊಂಡದ್ದನ್ನು ನಾನೇ ಬಾಗಿಲು ತೆರೆದು ಕಳಿಸಿಬಿಟ್ಟೆನೇನೋ. ತುಂಬ ಅತ್ತುಬಿಟ್ಟೆ. ಮನೆಯಲ್ಲಿ ಈರುಳ್ಳಿಯೂ ಇರಲಿಲ್ಲ, ಯಾವುದರ ಮೇಲೆ ನೆಪ ಹಾಕುವುದು?

ಇನ್ನು ಹೋಗುವುದಿಲ್ಲ. ಮೆಸೇಜ್ ಮಾಡಿ ತಿಳಿಸಿದೆ: ‘ಗಂಟಲು ಸರಿಯಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ.’

ಆಗಸ್ಟ್ 25, ಸೋಮವಾರ

ಗುಂಡ್ಲುಪೇಟೆಯ ಬಸ್ಸಿನಲ್ಲಿ ಮಾದೇಶಪ್ಪನವರ ಪಾರ್ಸೆಲ್ ಬಂತು: ಶುಂಠಿ, ಮೆಣಸು, ದೊಡ್ಡಪತ್ರೆ. ಗಂಟಲಿಗೆ. ಚೀಟಿಯಲ್ಲಿ ‘ಹುಷಾರು’ ಎಂದು ಬರೆದಿತ್ತು. ಬರೆಯುವಾಗ ‘ಹ’ ಬರುತ್ತದೆ ಹಾಗಾದರೆ.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ಕಡುಬು ಮಾಡಿದೆ. ಹಾಡಲಿಲ್ಲ.

ಆಗಸ್ಟ್ 31, ಭಾನುವಾರ

ಅಡುಗೆಮನೆ ಬಹಳ ಸದ್ದಿಲ್ಲದೆ ಇದೆ.

ಸೆಪ್ಟೆಂಬರ್ 2, ಮಂಗಳವಾರ

ಅತ್ತೆ ಇವತ್ತು ಒಲೆಯ ಪಕ್ಕ ಮಣೆ ಹಾಕಿಕೊಂಡು ಕುಳಿತು, “ಯಾಕವ್ವ ಆಡ್ತಾ ಇಲ್ಲ?” ಎಂದರು.

ನಾನು ಹಾಡುವುದು ಅತ್ತೆಗೆ ಕೇಳಿಸುವುದೆಲ್ಲಿಂದ ಎಂದು ಅಚ್ಚರಿಯಾಯಿತು. ಅವರ ಮುಂದೆ ಹೋಗಿ ತುಟಿ ಅಲ್ಲಾಡಿಸಿ “ನಿಮಗೆ ಹೇಗೆ ಗೊತ್ತು?” ಎಂದೆ.

“ಕಣ್ ಕಾಣ್ತದಲ್ಲ ನಂಗೆ. ತುಟಿ ಆಡ್ತಾ ಇರ್ತದೆ, ಆಮ್ಯಾಕೆ ನಿಂತೋಯ್ತದೆ. ನಿಂತಾಗ ನೀ ಅಜಾರ ನೋಡ್ತೀಯ, ಕುರ್ಚಿ ಕಡೀಕೆ. ಎಲ್ಡು ವರ್ಸದಿಂದ ನೋಡ್ತಾ ಇವ್ನಿ. ಮೊನ್ನೆ ಮೊನ್ನೆ ಅದೇನಾಯ್ತೋ, ನಿಂತಾಗ ನಗ್ತಿದ್ದೆ. ಅದ ನೋಡಿ ನಂಗೂ ಸಮಾಧಾನ ಆಗಿತ್ತು. ಈಗ ತುಟೀನೇ ಆಡಲ್ಲ.”

ಎಲ್ಲ ಹೇಳಿದೆ. ಮಾದೇಶಪ್ಪನ ಜವಾಬು ಬಂದು ಅವರ ಮಗನ ದನಿ ಹೋಯಿತು ಎಂದು ಕೂಗಿ ಕೂಗಿ ಹೇಳಿದೆ. ಪಕ್ಕದ ಮನೆಯವರಿಗೂ ಈಗ ಎಲ್ಲ ಗೊತ್ತು. ಅತ್ತೆ ಒಲೆ ಸಣ್ಣಗೆ ಮಾಡಿದರು.

“ನನ್ ಕಿವಿ ಓಗಿ ಎಷ್ಟ್ ಕಾಲ ಆಯ್ತು. ನನ್ ಮಗನ್ ದನಿ ಎಂಗದೆ ಅಂತ ನಾನ್ ಮರ್ತಿದ್ದೀನಾ? ಅದು ಓಯ್ತದೆ ಅಂತ ಯಾರ್ ಏಳಿದ್ದು ನಿಂಗೆ? ಓಗು, ಆಡ್ಬುಟ್ ಬಾ. ಓದ್ರೆ ನಾನ್ ಉಡ್ಕ್ ಕೊಡ್ತೀನಿ.”

ಹುಡುಕಿ ಕೊಡುತ್ತಾರಂತೆ, ಕನ್ನಡಕ ಹುಡುಕಿ ಕೊಟ್ಟಷ್ಟು ಸಲೀಸಾಗಿ! ಆ ಮಾತಿಗೆ ಅಳುವೂ ಬಂತು, ನಗುವೂ ಬಂತು.

ಸೆಪ್ಟೆಂಬರ್ 6, ಶನಿವಾರ

ಹೋದೆ. ಮಾದೇಶಪ್ಪ ಏನೂ ಕೇಳಲಿಲ್ಲ. ಗಂಟಲು ಹೇಗಿದೆ ಎಂದೂ ಕೇಳಲಿಲ್ಲ. ಮೆಟ್ಟಿಲ ಮೇಲಿನ ನಾಸಿಕ್ ಮಾಲನ್ನೆಲ್ಲ ಹಿತ್ತಲಿಗೆ ಹಾಕಿಸಿದ್ದರು. “ನಿಮ್ ಕಣ್ಗೆ ಆಗಲ್ವಲ್ಲ” ಎಂದರು. ಕನಕರಾಜು ಊದಿದ ಸೀಟಿಗೆ ರಾಗವಿತ್ತು.

ಎಲ್ಲ ‘ಹೈ’ಗಳೂ ಬಂದವು. ಕೊನೆಯ ‘ಹಾಂ’ ಮಾತ್ರ ಬರಲೊಲ್ಲದು. ಸವಾಲು ಕೇಳಿದ ತಕ್ಷಣ ಬೆದರಿದವರಂತೆ “ಆಂ?” ಎಂದುಬಿಡುತ್ತಾರೆ. ಬೇರೆ ಕಡೆ ಬರುವ ‘ಹ’ ಅಲ್ಲಿ ಯಾಕೆ ಬರುವುದಿಲ್ಲ ಎಂದೆ. ಟವೆಲಿನಿಂದ ಮುಖ ಒರೆಸಿಕೊಂಡು, “ಅಲ್ಲಿ ನೀವು ನನ್ನೇ ನೋಡ್ತೀರಿ ಕಣಮ್ಮ. ಉಸ್ರು ಇರಾಕಿಲ್ಲ” ಎಂದರು.

ಉಚ್ಚಾರಣೆಯ ದೃಷ್ಟಿಯಿಂದ ಇದು ಸರಿಯಾದ ಕಾರಣವೇ. ‘ಹ’ಕಾರಕ್ಕೆ ಉಸಿರು ಬೇಕು.

ಸೆಪ್ಟೆಂಬರ್ 14, ಭಾನುವಾರ

ಮುಗಿಯಿತು. ಒಂದೊಂದಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕಲೆಸಿಹೋಗುತ್ತದೆ.

ಬೆಳಗ್ಗೆ ಹೊರಡುವಾಗ ಅತ್ತೆ ದೇವರ ಗೂಡಿಗೆ ಕೈ ಮುಗಿದು, ಮೆಷಿನ್ ಎತ್ತಿ ಕಿವಿಗೆ ಇಟ್ಟುಕೊಂಡರು. ಅದರ ಮೇಲಿನ ವಿಭೂತಿಯನ್ನೂ ಒರೆಸಲಿಲ್ಲ. ತೆರಕಣಾಂಬಿ ದಾಟುವವರೆಗೂ “ಬಸ್ಸು ಇಷ್ಟ್ ಗಲಾಟೆ ಮಾಡ್ತದಾ?” ಎನ್ನುತ್ತಿದ್ದರು. ನಾನು ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ ಎಂಬುದು ನನಗೇ ರೂಢಿಯಿಲ್ಲದೆ ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ.

ಛತ್ರ ತುಂಬಿತ್ತು. ಮಂಡಿಯವರು, ಲಾರಿಯವರು, ಗಡಿಯಾಚೆಯ ವ್ಯಾಪಾರಿಗಳು. ಮದುವೆಗಿಂತ ಹೆಚ್ಚು ಜನ, ಊಟವಿಲ್ಲದಿದ್ದರೂ. ನಮ್ಮದು ಕೊನೆಯ ಹಾಡು. ಮಾದೇಶಪ್ಪ ಹೊಸ ಅಂಗಿ ಹಾಕಿದ್ದರು, ಕಾಲರಿನ ಗುಂಡಿ ಬಿಗಿಯಾಗಿ ಕತ್ತು ಕೆಂಪಾಗಿತ್ತು.

ಹಾಡು ಚೆನ್ನಾಗಿಯೇ ಹೋಯಿತು. ‘ಚೈನು ತಾನಾಗಿ ಕಳಚಿತೋ, ಕಳಚಿದಿರೋ’ ಎಂಬ ಸವಾಲಿಗೆ ಲಾರಿಯವರು ಸಿಳ್ಳೆ ಹಾಕಿದರು. ಆಪ್ ಹೋಗಿ ತುಮ್ ಬಂತು. ವಾದ್ಯಗಳು ನಿಂತವು. ನಾನು ಕೊನೆಯ ಸವಾಲು ಕೇಳಿದೆ.

“ಆಂ?”

ಛತ್ರಕ್ಕೆ ಛತ್ರವೇ ನಕ್ಕಿತು. ಕನಕರಾಜು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮಾದೇಶಪ್ಪನ ಮುಖ ನೋಡಲಾಗದಷ್ಟು ಬಿಳುಚಿತು. ಈ ಮನುಷ್ಯ ನಗೆಪಾಟಲಾಗುವುದನ್ನು ನಾನು ನಿಂತು ನೋಡಲಾರೆ ಎನಿಸಿತು. ಹಾಡೇ ಹೀಗೆ ಇದೆಯೆನ್ನುವಂತೆ ನಕ್ಕು, ಅದೇ ಸವಾಲನ್ನು ಒಂದು ಸ್ವರ ಮೇಲೇರಿಸಿ ಮತ್ತೆ ಕೇಳಿದೆ.

“ಆಂ?”

ಈಗ ಜನ ನಮ್ಮ ಜೊತೆಗಿದ್ದರು. ಹಿಂದಿನಿಂದ ಯಾರೋ “ಏಳ್ಬುಡ್ಲಾ ಮಾದೇಸ, ಲೋಡ್ ಇಳ್ಸಕ್ ಓಗ್ಬೇಕು!” ಎಂದು ಕೂಗಿದರು. ನಾನು ಹತ್ತಿರ ಹೋಗಿ, ಆ ಮುಖವನ್ನು ನೋಡದೆ ಜನರ ಕಡೆ ತಿರುಗಿ, ಅಡುಗೆಮನೆಯಲ್ಲಿ ಹಾಡುವಷ್ಟೇ ಮೆಲ್ಲಗೆ ಮತ್ತೆ ಕೇಳಿದೆ. ಸುಮ್ಮನಾದೆ.

ಆ ಖಾಲಿಯಲ್ಲಿ ಕೇಳಿಸಿತು. “ನಾಳೆ ಹೇಳ್ತೀನಿ, ಈಗ ಕಾಫಿ ಕೊಡು.” ಎಷ್ಟು ಸ್ಪಷ್ಟವಾಗಿ! ರಾಗದಲ್ಲಿದ್ದ ತುಂಟತನವೂ ಹಾಗೆಯೇ. ಅದರ ಬೆನ್ನಿಗೇ, ಮೈಕು ಕಿರುಚುವಂತೆ, “ಹ್ಹಾಂ!”

ಒಂದು ಬಂದು ಇನ್ನೊಂದು ಹೋಗಲಿಲ್ಲ. ಎರಡೂ ಇದ್ದವು. ಒಂದರ ಪಕ್ಕ ಒಂದಕ್ಕೆ ಜಾಗವಿತ್ತು. ಇಷ್ಟು ದಿನ ಸುಮ್ಮನೆ ಹೆದರಿದ್ದೆ.

ಚಪ್ಪಾಳೆ, ಸಿಳ್ಳೆ, ಕನಕರಾಜು ಅವರ ಸೀಟಿ. ಎಲ್ಲರೂ ಅಭ್ಯಾಸ ಮಾಡಿ ತಂದ ತಮಾಷೆಯೆಂದೇ ತಿಳಿದರು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಾದೇಶಪ್ಪ ಮೆಲ್ಲಗೆ, “ಇಲ್ಲಿ ಈರುಳ್ಳಿ ಇಲ್ವಲ್ಲಮ್ಮ” ಎಂದರು.

ಬಸ್ಸಿನಲ್ಲಿ ಅತ್ತೆ ಕೇಳಿದರು. “ಆಡು ಚೆಂದಾಗಿತ್ತು. ಆದ್ರೆ ಅಷ್ಟ್ ಸಲ ಕೇಳ್ಬೇಕಾ? ಅವನ್ಗೂ ಕಿವಿ ಕೇಳ್ಸಲ್ವಾ?”

ಸೆಪ್ಟೆಂಬರ್ 20, ಶನಿವಾರ

ದಸರಾ ರಜೆ ಶುರು. ಅಭ್ಯಾಸವಿಲ್ಲದ ಶನಿವಾರ ಎಷ್ಟು ಉದ್ದ!

ಮಧ್ಯಾಹ್ನ ಒಂದು ವಿಚಿತ್ರ ನಡೆಯಿತು. ಮಾದೇಶ್ ಏನೋ ಕೆಲಸಕ್ಕೆ ಚಾಮರಾಜನಗರಕ್ಕೆ ಬಂದಿದ್ದರಂತೆ, ಸರಿಯಾಗಿ ನಮ್ಮ ಮನೆಯ ಮುಂದೆಯೇ ಸ್ಕೂಟರು ಕೆಟ್ಟು ನಿಂತಿತು. ಕಿಟಕಿಯಿಂದ ನೋಡಿದರೆ ಬೀದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೈಯೆಲ್ಲ ಗ್ರೀಸು ಮಾಡಿಕೊಂಡಿದ್ದಾರೆ. ಒಳಗೆ ಕರೆದು ಕಾಫಿ ಕೊಟ್ಟೆ. ಅತ್ತೆಯ ಜೊತೆ ಬೆಟ್ಟದ ಮಾತು ಬಂತು, ಗೋಪಾಲಸ್ವಾಮಿಯನ್ನು ನೋಡಿ ಎಷ್ಟೋ ವರ್ಷವಾಯಿತೆಂದು ಅವರು ಹೇಳಿದರು. ಕರೆದುಕೊಂಡು ಹೋಗುತ್ತೇನೆಂದು ಮಾದೇಶ್ ಒಪ್ಪಿಕೊಂಡರು.

ಮೆಕ್ಯಾನಿಕ್ ಬಂದು ಒಂದು ಸಲ ಒದ್ದ ಕೂಡಲೇ ಸ್ಕೂಟರು ಸ್ಟಾರ್ಟ್ ಆಯಿತು. ಏನೂ ಕೆಟ್ಟಿಲ್ಲ ಎಂದ. ಈಗಿನ ಗಾಡಿಗಳೇ ಹೀಗೆ.

ಅತ್ತೆ ಯಾಕೋ ಸಂಜೆಯವರೆಗೂ ನಗುತ್ತಿದ್ದರು.

ಸೆಪ್ಟೆಂಬರ್ 29, ಸೋಮವಾರ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದೆವು. ಗುಂಡ್ಲುಪೇಟೆಯಲ್ಲಿ ಮಾದೇಶ್ ಬಸ್ ಸ್ಟ್ಯಾಂಡಿನಲ್ಲೇ ಕಾದಿದ್ದರು, ನನ್ನ ಫ್ಲೆಕ್ಸಿನ ಕೆಳಗೆ. ಅದನ್ನು ಇನ್ನೂ ಇಳಿಸಿಲ್ಲ. ನೋಡಿ ನೋಡಿ ಫೋಟೋ ಅಷ್ಟೇನೂ ಕೆಟ್ಟದಾಗಿಲ್ಲ ಎನಿಸಿತು.

ಬೆಟ್ಟ ಹತ್ತುವ ಬಸ್ಸಿನಲ್ಲಿ ಅತ್ತೆಗೆ ಕಿಟಕಿ ಸೀಟು, ಪಕ್ಕದಲ್ಲಿ ನಾನು. ಇವರು ಡ್ರೈವರಿನ ಬೆನ್ನಿಗೇ ಕಂಬಿ ಹಿಡಿದು ನಿಂತೇ ಬಂದರು, ಅತ್ತೆಯ ಚೀಲ ಹಿಡಿದುಕೊಂಡು. ತಿರುವಿನಲ್ಲಿ ಆನೆ ಕಂಡಿತೆಂದು ಯಾರೋ ಕೂಗಿದರು. ಇವರು “ಎಲ್ಲಿ ಎಲ್ಲಿ” ಎಂದು ಬಗ್ಗಿ ಡ್ರೈವರಿನ ಹಾರ್ನ್ ಒತ್ತಿಬಿಟ್ಟರು. ಅದು ಬಂಡೆಯಾಗಿತ್ತು.

ಮೇಲೆ ಮಂಜು, ಮಾತು ಹೊತ್ತೊಯ್ಯುವಂಥ ಗಾಳಿ. ದರ್ಶನ ಮುಗಿಸಿ ಗೋಡೆಯ ಪಕ್ಕ ನಿಂತೆವು. ಅತ್ತೆ ಗಾಳಿಗೆ ಬೆನ್ನು ಹಾಕಿ ಪ್ರಸಾದದ ಪುಳಿಯೋಗರೆ ತಿನ್ನುತ್ತಿದ್ದರು. ಮೆಷಿನ್ ಕಿವಿಯಲ್ಲೇ ಇತ್ತು. ಆವತ್ತಿನಿಂದ ತೆಗೆದಿಲ್ಲ.

ಇವರು ಕಾಡಿನ ಕಡೆ ನೋಡುತ್ತ, ಟವೆಲು ಬಿಗಿಯಾಗಿ ಹಿಡಿದು, ಏನನ್ನೋ ಕೇಳಿದರು. ಹಾಡಲಿಲ್ಲ, ಹಿಂದಿಯಲ್ಲೂ ಅಲ್ಲ. ಸಾದಾ ಮಾತಿನಲ್ಲಿ, “ನಾಳೀಕೂ ಬರ್ಲಾ?”

ನಾನು “ಆಂ?” ಎಂದೆ.

ಇವರ ಮುಖ ಅರಳಿದ್ದನ್ನು ನೋಡಬೇಕಿತ್ತು. “ಅಂಗಾರೆ ಸರಿ ಬುಡಿ, ಬತ್ತೀನಿ” ಎಂದರು. ಎರಡೂ ಒಂದೇ ಎಂದು ಮೊದಲ ದಿನವೇ ಹೇಳಿದ್ದರಲ್ಲ.

ಎಷ್ಟೋ ವರ್ಷದಿಂದ ಮಕ್ಕಳ ‘ಹ’ ತಿದ್ದಿಕೊಂಡು ಬಂದವಳು ನಾನು. ತಿದ್ದಲು ಬಾಯಿ ತೆರೆದೆ. ಗಾಳಿ ಜೋರಾಗಿತ್ತು, ಮುಚ್ಚಿದೆ.

ಅತ್ತೆ ಕೈ ಒರೆಸಿಕೊಳ್ಳುತ್ತ ನನ್ನ ಕಿವಿಯ ಹತ್ತಿರ ಬಂದು, “ಅವ್ನ್ ಕೇಳಿದ್ದು ನಂಗೇ ಕೇಳುಸ್ತು ಕಣವ್ವ. ನಿಂಗೆ ಕೇಳುಸ್ನಿಲ್ವಾ?” ಎಂದರು.

ಕೇಳಿಸಿತ್ತು.

ಮಲಗುವ ಮುಂಚೆ ಹಾಲಿನವನಿಗೆ ಮೆಸೇಜ್ ಹಾಕಬೇಕು: ನಾಳೆಯಿಂದ ಅರ್ಧ ಲೀಟರ್ ಹೆಚ್ಚಿಗೆ.